ಹೊಳೆಹೊನ್ನೂರಿನ ಹತ್ತಿರ ನಿಲ್ಲುತ್ತಿದ್ದ ಲಾರಿ

ಡೀಸೆಲ್ ಗಾಡಿಗಳ ಕೆಲಸ ಕಲಿಯುವವರು ಸ್ಪ್ಯಾನರ್ ಹಿಡಿಯುವುದಕ್ಕೆ ಮೊದಲು ಉಗುಳುವುದನ್ನು ಕಲಿಯಬೇಕು. ನಗಬೇಡಿ. ನಾನು ಕೆಲಸಕ್ಕೆ ಸೇರಿದ ದಿನ ಬಾಷಾ ಉಸ್ತಾದರು ಕೈಗೊಂದು ಪೈಪು ಕೊಟ್ಟು, ಲಾರಿಯ ಟ್ಯಾಂಕಿನಿಂದ ಕ್ಯಾನಿಗೆ ಡೀಸೆಲ್ ಇಳಿಸು ಅಂದರು. ಪೈಪಿನ ಒಂದು ತುದಿ ಟ್ಯಾಂಕಿನೊಳಗೆ, ಇನ್ನೊಂದು ತುದಿ ನನ್ನ ಬಾಯೊಳಗೆ. ಎಳೆಯುವುದು ಯಾರಿಗಾದರೂ ಬರುತ್ತದೆ, ಯಾವಾಗ ನಿಲ್ಲಿಸಬೇಕು ಅನ್ನುವುದೇ ವಿದ್ಯೆ. ಒಂದು ಗುಟುಕು ಒಳಗೇ ಹೋಯಿತು. ಮೂರು ದಿನ ಅವ್ವ ಬಡಿಸಿದ ಸಾರಿಗೂ ಡೀಸೆಲ್ ವಾಸನೆ, ಕುಡಿದ ನೀರಿಗೂ ಡೀಸೆಲ್ ವಾಸನೆ. ನಾಲ್ಕನೇ ದಿನ ಉಸ್ತಾದರು, "ಈಗ ನೀನು ನಮ್ಮೋನಾದೆ ನೋಡು" ಅಂದರು. ಈಗ ಅದಕ್ಕೆಂದೇ ಸಣ್ಣ ಪಂಪುಗಳು ಬಂದಿವೆ. ಅವನ್ನೇ ಬಳಸಿ, ನನ್ನ ಹಾಗೆ ಮೂರು ದಿನದ ಊಟ ಕಳೆದುಕೊಳ್ಳಬೇಡಿ.

ನಿವೃತ್ತನಾಗಿ ಶಿವಮೊಗ್ಗದ ಗೋಪಾಳ ಬಡಾವಣೆಯ ಮನೆಯಲ್ಲಿ ಪೇಪರ್ ಓದಿಕೊಂಡು ಕೂತವನಿಗೆ ಪರಿಚಯದ ಐ.ಟಿ.ಐ. ಮೇಷ್ಟ್ರೊಬ್ಬರು, "ಪರಮೇಶಣ್ಣ, ನಿಮ್ಮ ಅನುಭವ ಬರ್ದುಕೊಡಿ, ಕಲಿಯೋರಿಗೆ ಅನುಕೂಲ ಆಗುತ್ತೆ" ಎಂದು ಗಂಟುಬಿದ್ದರು. ಯಾವಾಗ ಹೆಡ್ ಮೆಕ್ಯಾನಿಕ್ ಆದೆ, ಯಾರು ಶಾಲು ಹೊದಿಸಿದರು ಎಂಬುದೆಲ್ಲ ನಿಮಗೆ ಬೇಡ. ಆ ಶಾಲಿನಲ್ಲಿ ನಮ್ಮ ಮನೆಯವಳು ಈಗ ಮಿಕ್ಸಿ ಮುಚ್ಚಿಡುತ್ತಾಳೆ. ನಾನು ಎಲ್ಲೆಲ್ಲಿ ಎಡವಿದೆ ಅನ್ನುವುದನ್ನೇ ಬರೆಯುತ್ತೇನೆ, ಅದಕ್ಕೆ ಸರಕಿನ ಕೊರತೆ ಇಲ್ಲ.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆಯಲ್ಲಿ ನಮ್ಮ ಶೆಡ್ಡು. ಆಗಿನ ಲಾರಿಗಳಲ್ಲಿ ಕಂಪ್ಯೂಟರ್ ಎಂಬ ವಸ್ತು ಇರಲಿಲ್ಲ. ಟ್ಯಾಂಕು, ಫಿಲ್ಟರು, ಪಂಪು, ಇಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ನಾಜಲ್ಲು, ಅವುಗಳ ನಡುವೆ ಪೈಪು, ಅಷ್ಟೇ. ಡೀಸೆಲ್ ಜೊತೆ ಒಂದಿಷ್ಟು ಗಾಳಿ ಸೇರಿಕೊಂಡರೂ ಇಂಜಿನ್ ನಿಲ್ಲುತ್ತದೆ. ಆ ಗಾಳಿಯನ್ನು ಕೈಪಂಪು ಒತ್ತಿ ಒತ್ತಿ ಹೊರಗೆ ಹಾಕುವುದೇ ನಮ್ಮ ಅರ್ಧ ಆಯುಷ್ಯ. ಬಾಷಾ ಉಸ್ತಾದರು ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಯಾವ ನಾಜಲ್ ಹದಗೆಟ್ಟಿದೆ ಎಂದು ಹೇಳಿಬಿಡುತ್ತಿದ್ದರು. ಮನೆಯಲ್ಲಿ ಮಾತ್ರ ಹೆಂಡತಿ ಮೂರು ಸಲ ಕೂಗಿದರೂ ಅವರಿಗೆ ಕೇಳಿಸುತ್ತಿರಲಿಲ್ಲವಂತೆ.

ನಾನು ಸ್ವತಂತ್ರವಾಗಿ ಹಿಡಿದ ಮೊದಲ ಕೇಸಿನಲ್ಲೇ ಮರ್ಯಾದೆ ಹೋಯಿತು. ಸ್ಟಾರ್ಟ್ ಆಗದ ಲಾರಿ. ಫಿಲ್ಟರ್ ಬಿಚ್ಚಿದೆ, ಪಂಪಿನ ಪೈಪುಗಳನ್ನೆಲ್ಲ ಬಿಚ್ಚಿದೆ, ನಾಜಲ್ ಇಳಿಸಿ ಸಾಲಾಗಿ ಜೋಡಿಸಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಇಂಜಿನ್ ತವರಿನಿಂದ ಬಂದ ಸಾಮಾನಿನ ಹಾಗೆ ನೆಲದ ತುಂಬ ಹರಡಿತ್ತು. ಉಸ್ತಾದರು ಊಟ ಮುಗಿಸಿ ಬಂದು, ಒಂದು ಕೋಲು ತೆಗೆದುಕೊಂಡು ಟ್ಯಾಂಕಿನೊಳಗೆ ಅದ್ದಿ ಹೊರತೆಗೆದು ನನ್ನ ಮುಖದ ಮುಂದೆ ಹಿಡಿದರು. ಕೋಲು ಒಣಗಿತ್ತು. ಮೀಟರಿನ ಮುಳ್ಳು ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತ್ತು, ಟ್ಯಾಂಕಿನಲ್ಲಿ ಡೀಸೆಲ್ಲೇ ಇರಲಿಲ್ಲ. "ಪೆಹಲೇ ಟ್ಯಾಂಕ್, ಆಮೇಲೆ ಬಾಕಿ. ತಿಳೀತಾ?" ಅಂದರು. ತಿಳಿಯಿತು ಅಂದೆ. ತಿಳಿದಿದ್ದನ್ನು ನೆನಪಿಟ್ಟುಕೊಳ್ಳುವುದು ಬೇರೆಯದೇ ವಿದ್ಯೆ ಎಂಬುದು ಮುಂದೆ ನಿಮಗೇ ಗೊತ್ತಾಗುತ್ತದೆ.

ಇನ್ನೊಮ್ಮೆ ಒಂದು ಲಾರಿ ಬಂತು. ಏರು ಬಂದರೆ ಸಾಕು, ಎಳೆಯುವುದೇ ಇಲ್ಲ. ಫಿಲ್ಟರ್ ಬಟ್ಟಲು ನೋಡಿದರೆ ಸುತ್ತ ಇರುವೆ. ಡೀಸೆಲ್‌ಗೆ ಇರುವೆ ಮುತ್ತಿದ್ದನ್ನು ಅದುವರೆಗೆ ನಾವ್ಯಾರೂ ಕಂಡಿರಲಿಲ್ಲ. ಉಸ್ತಾದರು ಬಟ್ಟಲು ಬಿಚ್ಚಿ, ತಳದ ಅಂಟನ್ನು ಬೆರಳಿನಿಂದ ತೆಗೆದು ಮೂಸಿ, "ಇದು ಪಾಯಸ ಕಣ್ರೋ" ಅಂದರು. ದಾರಿಯಲ್ಲಿ ಡೀಸೆಲ್ ಮುಗಿದಾಗ ಡ್ರೈವರ್ ಯಾವುದೋ ಆಲೆಮನೆಯಿಂದ ಖಾಲಿ ಕ್ಯಾನು ಇಸಿದುಕೊಂಡು ಹೋಗಿ ಡೀಸೆಲ್ ತಂದಿದ್ದ. ಕ್ಯಾನಿನ ತಳದಲ್ಲಿ ಜೋನಿಬೆಲ್ಲ ಹಾಗೇ ಉಳಿದಿತ್ತು. ಟ್ಯಾಂಕು ಇಳಿಸಿ ಬಿಸಿನೀರು ಹಾಕಿ ಎರಡು ದಿನ ತೊಳೆದೆವು. ಮಾಲೀಕರು ಬಂದು ಏನಾಗಿತ್ತು ಅಂತ ಕೇಳಿದಾಗ, "ನಿಮ್ಮ ಗಾಡಿಗೆ ಸಕ್ಕರೆ ಕಾಯಿಲೆ ಬಂದಿತ್ತು" ಎಂದು ಉಸ್ತಾದರು ಗಂಭೀರವಾಗಿಯೇ ಹೇಳಿದರು.

ಉಸ್ತಾದರು ಕಣ್ಣು ಮಂಜಾಗಿ ಮನೆಯಲ್ಲಿ ಕೂತ ಮೇಲೆ ಹೊಸ ಕಾಲದ ಲಾರಿಗಳು ಬಂದವು. ಇವುಗಳಲ್ಲಿ ಪಂಪು ಡೀಸೆಲನ್ನು ಭಾರಿ ಒತ್ತಡದಲ್ಲಿ ಒಂದು ದಪ್ಪ ಕೊಳವೆಗೆ ತುಂಬುತ್ತದೆ. ಆ ಕೊಳವೆಗೆ ರೈಲು ಅಂತ ಹೆಸರು. ಅಲ್ಲಿಂದ ಒಂದೊಂದು ನಾಜಲ್‌ಗೂ ಡೀಸೆಲ್ ಹೋಗುತ್ತದೆ. ಒತ್ತಡ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು ಎಂದು ನೋಡಿಕೊಳ್ಳುವುದಕ್ಕೆ ಒಂದು ಪುಟ್ಟ ವಾಲ್ವು ಇದೆ, ಅದೇ ಪ್ರೆಶರ್ ರೆಗ್ಯುಲೇಟರ್. ಭದ್ರಾ ನಾಲೆಯ ತೂಬಿನ ಹತ್ತಿರ ಕೂತ ನೀರುಗಂಟಿಯ ಕೆಲಸವೇ ಇದರದ್ದೂ. ಬೇಕಾದಷ್ಟು ಮುಂದಕ್ಕೆ, ಮಿಕ್ಕಿದ್ದು ವಾಪಸ್ ಟ್ಯಾಂಕಿಗೆ. ವ್ಯತ್ಯಾಸ ಏನೆಂದರೆ ನೀರುಗಂಟಿಯ ಜೊತೆ ಜಗಳ ಆಡಬಹುದು, ಇದರ ಜೊತೆ ಆಡಲಾಗುವುದಿಲ್ಲ.

ಇದನ್ನು ಬದಲಾಯಿಸುವುದು ದೊಡ್ಡ ಕೆಲಸವಲ್ಲ, ಆದರೆ ಶುಚಿಯ ಕೆಲಸ. ಇಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಕಾಯಿರಿ. ಒತ್ತಡ ಇಳಿಯದೆ ಪೈಪು ಸಡಿಲಿಸಿದರೆ ಡೀಸೆಲ್ ಸೂಜಿಯಂತೆ ಚರ್ಮದೊಳಗೇ ನುಗ್ಗುತ್ತದೆ, ಅದು ತಮಾಷೆಯ ಮಾತಲ್ಲ. ಬಿಚ್ಚುವ ಮೊದಲು ಸುತ್ತಲಿನ ಮಣ್ಣು, ಗ್ರೀಸು ಎಲ್ಲ ತೊಳೆಯಿರಿ. ಒಂದು ಕಣ ಧೂಳು ಒಳಗೆ ಹೋದರೂ ನಾಜಲ್ ಹೋದಂತೆಯೇ. ಹೊಸದರ ರಬ್ಬರ್ ರಿಂಗನ್ನು ಡೀಸೆಲ್‌ನಲ್ಲಿ ಒದ್ದೆ ಮಾಡಿ ಕೂರಿಸಿ, ಬೋಲ್ಟುಗಳನ್ನು ಎರಡೂ ಕಡೆ ಸಮನಾಗಿ, ಬಿಗಿ ಅಳೆಯುವ ಟಾರ್ಕ್ ವ್ರೆಂಚಿನಿಂದ ಬಿಗಿಯಿರಿ. ನಿಮ್ಮ ತೋಳಿನ ಬಲ ತೋರಿಸಲು ಬೇರೆ ಜಾಗಗಳಿವೆ. ಇಷ್ಟು ಮಾಡಿದರೆ ರೆಗ್ಯುಲೇಟರ್ ಬದಲಾಯಿಸಲು ಬಂದಂತೆ. ಬದಲಾಯಿಸಬೇಕೋ ಬೇಡವೋ ಎಂದು ತಿಳಿಯುವುದಕ್ಕೆ ನನಗೆ ಮೂವತ್ತೈದು ವರ್ಷ ಸಾಲಲಿಲ್ಲ.

ಹೊಸ ಲಾರಿಗಳ ಜೊತೆ, ಇಂಜಿನ್ನಿನ ದೋಷವನ್ನು ಪರದೆಯ ಮೇಲೆ ತೋರಿಸುವ ಸ್ಕ್ಯಾನರ್ ಬಂತು, ಸ್ಕ್ಯಾನರ್ ಜೊತೆ ಒಬ್ಬ ಸರ್ವಿಸ್ ಮ್ಯಾನೇಜರೂ ಬಂದರು. ಇಸ್ತ್ರಿ ಮಾಡಿದ ಶರ್ಟು, ಲ್ಯಾಪ್‌ಟಾಪು. ಒಳ್ಳೆಯವರೇ, ಆದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ಪರದೆಯ ಮೇಲೆ ಏನು ಬಂತೋ ಅದನ್ನು ಬದಲಾಯಿಸುವುದೇ ಅವರ ಶಾಸ್ತ್ರ. ಮೊದಮೊದಲು ನಾನು ಅವರನ್ನು ಗೇಲಿ ಮಾಡುತ್ತಿದ್ದೆ. ಆಮೇಲೆ ಸ್ಕ್ಯಾನರ್ ಬಳಸುವುದು ಕಲಿತೆ. ಕಲಿತ ಮೇಲೆ ಅವರಿಗಿಂತ ನಾನೇ ಜಾಸ್ತಿ ನಂಬತೊಡಗಿದೆ. ಹೊಸದಾಗಿ ಮಡಿ ಹಿಡಿದವರ ಆಚಾರ ಯಾವಾಗಲೂ ಒಂದು ತೂಕ ಹೆಚ್ಚು.

ಈಗ ಮರುಳಪ್ಪನವರ ಲಾರಿಯ ಕಥೆ ಹೇಳುತ್ತೇನೆ. ನೀವು ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಮರುಳಪ್ಪನವರು ಶಿವಮೊಗ್ಗದ ಅಡಿಕೆ ವ್ಯಾಪಾರಿ. ಅವರಿಗೆ ಒಂದೇ ಲಾರಿ, ಆ ಲಾರಿಗೆ ಹದಿನೆಂಟು ವರ್ಷದಿಂದ ಒಬ್ಬನೇ ಡ್ರೈವರ್, ಭದ್ರಾವತಿಯ ಹನುಮಂತಣ್ಣ. ಲಾರಿ ಬದಲಾದರೂ ಡ್ರೈವರ್ ಬದಲಾಗಿರಲಿಲ್ಲ. ಮರುಳಪ್ಪನವರು ದೇವರಂಥ ಮನುಷ್ಯ, ಆದರೆ ಡೀಸೆಲ್ ಮಾತು ಬಂದರೆ ತಮ್ಮ ನೆರಳಿನ ಮೇಲೂ ಅನುಮಾನ. ಒಂದು ದಿನ ಬಂದು, "ಮೇಸ್ತ್ರಿ, ಟ್ಯಾಂಕಿಗೆ ಒಂದು ಬೀಗದ ಮುಚ್ಚಳ ಬೇಕಲ್ಲ. ಅಂಗಡೀಲಿ ಸಿಗೋದು ಬೇಡ, ಅದನ್ನ ಹೇರ್‌ಪಿನ್ನಲ್ಲೂ ತೆಗೀತಾರೆ" ಅಂದರು. ಭದ್ರಾವತಿಯಲ್ಲಿ ನನಗೆ ಗೊತ್ತಿರುವ ಒಬ್ಬ ಲೇತ್ ಕೆಲಸದವನಿದ್ದ, ಕಬ್ಬಿಣವನ್ನು ಬೆಣ್ಣೆಯಂತೆ ಕೊರೆಯುವವನು. ಅವನ ಹತ್ತಿರ ನಿಂತು ಮಾಡಿಸಿದೆ. ಹಳೆಯ ಮುಚ್ಚಳದಲ್ಲಿ ಒಂದು ಸಣ್ಣ ತೂತಿತ್ತು. ಮಳೆನೀರು ಒಳಗೆ ಹೋಗುವುದಕ್ಕೆ ದಾರಿ ಯಾಕೆ ಅಂತ ಹೊಸದರಲ್ಲಿ ಅದನ್ನು ಇಡಿಸದೆ, ಕೆಳಗೆ ದಪ್ಪನೆಯ ರಬ್ಬರ್ ಕೂರಿಸಿ, ಒಂದು ಹನಿಯೂ ನುಗ್ಗದ ಹಾಗೆ ತಂದುಕೊಟ್ಟೆ. ಮರುಳಪ್ಪನವರು ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಬೆಳಿಗ್ಗೆ ತಾವೇ ಬಂಕಿಗೆ ಹೋಗಿ, ಚಿತ್ರದುರ್ಗಕ್ಕೆ ಹೋಗಿಬರುವಷ್ಟು ಡೀಸೆಲ್ ಕುತ್ತಿಗೆಯ ತನಕ ತುಂಬಿಸಿ, ಬೀಗ ಜಡಿದು ಕಳಿಸುವರು.

ಓದುವವರಲ್ಲಿ ಜಾಣರಿಗೆ ಇಷ್ಟರಲ್ಲೇ ಎಲ್ಲ ಹೊಳೆದಿರಬೇಕು. ನನಗೆ ಹೊಳೆಯಲು ಅರ್ಧ ವರ್ಷ ಬೇಕಾಯಿತು.

ಬೀಗ ಹಾಕಿಸಿದ ವಾರದಲ್ಲೇ ಲಾರಿ ದಾರಿಯಲ್ಲಿ ನಿಲ್ಲತೊಡಗಿತು. ಶಿವಮೊಗ್ಗ ಬಿಟ್ಟು, ಹೊಳೆಹೊನ್ನೂರು ಇನ್ನೇನು ಬಂತು ಅನ್ನುವಷ್ಟರಲ್ಲಿ ಎಳೆತ ಕಡಿಮೆಯಾಗಿ, ಕೆಮ್ಮಿ, ನಿಂತುಬಿಡುವುದು. ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗದವರಂತೆ ಹೊರಡುವುದು. ಹನುಮಂತಣ್ಣ ಬಂದು ಹೇಳಿದ. ಸ್ಕ್ಯಾನರ್ ಹಾಕಿದೆ. ರೈಲಿನಲ್ಲಿ ಒತ್ತಡ ಕಡಿಮೆ ಎಂದು ಕೋಡ್ ತೋರಿಸಿತು. ಮ್ಯಾನೇಜರ್ ನೋಡಿ, "ರೆಗ್ಯುಲೇಟರ್" ಅಂದರು. ನಾನೂ ಅದನ್ನೇ ಅಂದೆ. ಮೇಲೆ ಬರೆದ ಶುಚಿಯ ಕ್ರಮವನ್ನೆಲ್ಲ ಚಾಚೂ ತಪ್ಪದೆ ಪಾಲಿಸಿ ಹೊಸ ರೆಗ್ಯುಲೇಟರ್ ಹಾಕಿದೆ. ಭದ್ರಾವತಿಯ ತನಕ ಓಡಿಸಿ ನೋಡಿದೆ, ಕುದುರೆಯಂತೆ ಓಡಿತು. ಮಾರನೇ ದಿನ ಅದೇ ಲಾರಿ ಹೊಳೆಹೊನ್ನೂರಿನ ಹತ್ತಿರ ಮತ್ತೆ ನಿಂತಿತು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಲಾರಿಯನ್ನು ಮೆಕ್ಯಾನಿಕ್ ಹತ್ತಿರ ಬಿಡುವಾಗ ಯಾವ ಮಾಲೀಕನೂ ಟ್ಯಾಂಕಿನಲ್ಲಿ ಡೀಸೆಲ್ ಉಳಿಸುವುದಿಲ್ಲ. ನಾವು ಎಳೆದುಕೊಳ್ಳುತ್ತೇವೆ ಎಂಬ ಭಯ. ಸುಳ್ಳೇ ಭಯ ಅನ್ನಲಾರೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಮೆಕ್ಯಾನಿಕ್‌ಗಳು ನಮ್ಮಲ್ಲೂ ಇದ್ದರು. ಹಾಗಾಗಿ ನಾವೂ ಒಂದು ದಾರಿ ಮಾಡಿಕೊಂಡಿದ್ದೆವು. ಕ್ಯಾಬಿನ್ ಹಿಂದೆ ಒಂದು ಕ್ಯಾನು ಕಟ್ಟಿ, ಅದಕ್ಕೆ ಡೀಸೆಲ್ ಹಾಕಿ, ಟ್ಯಾಂಕನ್ನು ಬಿಟ್ಟು ಕ್ಯಾನಿನಿಂದಲೇ ಇಂಜಿನ್‌ಗೆ ಪೈಪು ಕೊಟ್ಟು ಓಡಿಸಿ ನೋಡುವುದು. ಮಾಲೀಕರಿಗೂ ಸಮಾಧಾನ, ನಮಗೂ ಮಾನ. ಮರುಳಪ್ಪನವರ ಲಾರಿಯನ್ನೂ ನಾನು ಪ್ರತಿ ಸಲ ಕ್ಯಾನಿನ ಡೀಸೆಲ್‌ನಲ್ಲೇ ಓಡಿಸಿದ್ದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತೆ ಫಿಲ್ಟರ್, ಸೆನ್ಸರ್, ವೈರು, ರಿಟರ್ನ್ ಪೈಪು ಎಲ್ಲ ನೋಡಿದೆ, ಟ್ಯಾಂಕಿನ ಕಡೆ ತಿರುಗಲಿಲ್ಲ.

ಅಷ್ಟರಲ್ಲಿ ಮರುಳಪ್ಪನವರು ಲಾರಿಗೆ ಜಿ.ಪಿ.ಎಸ್. ಹಾಕಿಸಿದ್ದರು. ಒಂದು ಮಧ್ಯಾಹ್ನ ಶೆಡ್ಡಿಗೆ ಬಂದು ಫೋನ್ ತೋರಿಸಿದರು. ಹನ್ನೊಂದು ಟ್ರಿಪ್, ಹನ್ನೊಂದು ಸಲ ಹೊಳೆಹೊನ್ನೂರಿನ ಹತ್ತಿರ ಅರ್ಧ ಗಂಟೆ ನಿಂತ ಗುರುತು. "ಹನುಮಂತನ ಮಗಳನ್ನ ಕೊಟ್ಟಿರೋದು ಎಲ್ಲಿಗೆ ಗೊತ್ತಾ ಮೇಸ್ತ್ರಿ? ಹೊಳೆಹೊನ್ನೂರಿಗೆ" ಅಂದರು. ಹಿಂದೆಯೇ ಹನುಮಂತಣ್ಣನೂ ನಿಂತಿದ್ದ, ಅವರೇ ಕರೆದುಕೊಂಡು ಬಂದಿದ್ದರು.

"ಮಗಳ ಮನೆಗೆ ಹೋಗ್ತಾನೋ, ಡೀಸೆಲ್ ಇಳಿಸ್ತಾನೋ, ನಂಗೊತ್ತಿಲ್ಲ. ನೀವು ಹೇಳ್ಬಿಡಿ. ಗಾಡಿ ತಪ್ಪೋ, ಇವನ ತಪ್ಪೋ?"

"ಬೀಗದ ಕೈ ನಿಮ್ಮತ್ರ ಇರೋವಾಗ ಡೀಸೆಲ್ ಹೆಂಗೆ ಇಳಿಸ್ತಾರೆ ಸಾಹುಕಾರ್ರೆ?" ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಮೂರು ಸಲ ರಿಪೇರಿ ಮಾಡಿ ಮೂರು ಸಲವೂ ಸೋತವನ ಮೈಯುರಿ ನನಗೆ. ಗಾಡಿಯಲ್ಲಿ ದೋಷ ಇದೆ ಅಂದರೆ ನನಗೆ ಅದು ಸಿಗಲಿಲ್ಲ ಅಂತ ಒಪ್ಪಿಕೊಂಡ ಹಾಗೆ.

"ಗಾಡಿ ಸರಿ ಇದೆ. ನಾನೇ ಓಡ್ಸಿ ನೋಡಿದೀನಿ" ಅಂದೆ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೂ ಆಗುತ್ತಿತ್ತು. ವಿದ್ಯೆ ಜಾಸ್ತಿ ಆದವನು ಅಷ್ಟಕ್ಕೆ ನಿಲ್ಲಿಸುತ್ತಾನೆಯೇ? "ಫಿಲ್ಟರ್ ಹತ್ರ ಪೈಪು ಸ್ವಲ್ಪ ಸಡ್ಲ ಮಾಡಿ ಗಾಳಿ ಬಿಟ್ರೂ ಇದೇ ಕೋಡ್ ಬರುತ್ತೆ" ಎಂದೂ ಸೇರಿಸಿದೆ.

ಹನುಮಂತಣ್ಣ ನನ್ನನ್ನೇ ನೋಡಿದ. "ನಾನು ಸಡ್ಲ ಮಾಡಿದ್ದು ನೀವು ನೋಡಿದ್ರಾ ಮೇಸ್ತ್ರಿ?"

"ನೋಡಿಲ್ಲಪ್ಪ. ಹಿಂಗೂ ಆಗ್ಬಹುದು ಅಂದೆ ಅಷ್ಟೇ."

ಅವನು ಕ್ಯಾಬಿನ್ ಹತ್ತಿ ತನ್ನ ಊಟದ ಡಬ್ಬಿ, ಮಡಚಿಟ್ಟ ಹೊದಿಕೆ ತೆಗೆದುಕೊಂಡು ಇಳಿದ. ಲಾರಿಯ ಕೀಯನ್ನು ಮರುಳಪ್ಪನವರ ಕೈಗೆ ಕೊಟ್ಟು, ರಸ್ತೆ ದಾಟಿ ಭದ್ರಾವತಿ ಬಸ್ಸಿಗೆ ಕೈ ಅಡ್ಡ ಹಿಡಿದ. ಹದಿನೆಂಟು ವರ್ಷದ ಕೆಲಸ ನನ್ನ ಒಂದು ಮಾತಿಗೆ ಮುಗಿಯಿತು. ಆ ಹೊತ್ತಿನಲ್ಲಿ ನನಗೆ ಬೇಸರ ಆಯಿತೇ ಎಂದು ಕೇಳಿದರೆ, ಇಲ್ಲ. ಪೀಡೆ ಕಳೆಯಿತು ಅನ್ನಿಸಿತು. ನಾಚಿಕೆಯಾದರೂ ಇದ್ದದ್ದನ್ನು ಇದ್ದಂತೆ ಬರೆಯುತ್ತಿದ್ದೇನೆ.

ಆಮೇಲೆ ಮೂರ್ನಾಲ್ಕು ತಿಂಗಳು ಲಾರಿ ಒಮ್ಮೆಯೂ ನಿಲ್ಲಲಿಲ್ಲ. ಹೊಸ ಡ್ರೈವರ್ ಬಂದಿದ್ದ. ಮರುಳಪ್ಪನವರು ಸಿಕ್ಕಾಗಲೆಲ್ಲ, "ನೋಡಿದ್ರಾ ಮೇಸ್ತ್ರಿ, ಡ್ರೈವರ್ ಹೋದ, ರೋಗ ಹೋಯ್ತು" ಅನ್ನುವರು. ನಾನು ತಲೆಯಾಡಿಸುವೆ. ಆ ತಿಂಗಳುಗಳಲ್ಲಿ ಚಿತ್ರದುರ್ಗದ ಟ್ರಿಪ್ ಇರಲಿಲ್ಲ, ಲಾರಿ ಊರೊಳಗೇ ಓಡುತ್ತಿತ್ತು, ಟ್ಯಾಂಕು ಯಾವತ್ತೂ ಅರ್ಧಕ್ಕಿಂತ ಮೇಲೆ ತುಂಬಿರಲಿಲ್ಲ ಅನ್ನುವುದನ್ನು ಇಬ್ಬರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅಡಿಕೆ ಸುಗ್ಗಿ ಬಂತು. ಚಿತ್ರದುರ್ಗದ ಟ್ರಿಪ್ ಮತ್ತೆ ಶುರುವಾಯಿತು. ಮೊದಲನೇ ದಿನವೇ ಮರುಳಪ್ಪನವರ ಫೋನು.

"ಮೇಸ್ತ್ರಿ, ಈ ಡ್ರೈವರ್ರು ಸಾಗರದ ಕಡೆಯೋನು. ಇವನಿಗೂ ಹೊಳೆಹೊನ್ನೂರಲ್ಲಿ ಬೀಗರು ಇರ್ತಾರಾ?"

ಮಾರನೇ ಬೆಳಿಗ್ಗೆ ಬಂಕಿನಲ್ಲೇ ಹೋಗಿ ನಿಂತೆ. ಟ್ಯಾಂಕು ತುಂಬಿಸಿಕೊಂಡು, ಬೀಗ ಹಾಕಿಕೊಂಡು, ಡ್ರೈವರ್ ಪಕ್ಕ ಮರುಳಪ್ಪನವರು, ಅವರ ಪಕ್ಕ ನಾನು ಹೊರಟೆವು. ಮರುಳಪ್ಪನವರು ದಾರಿಯುದ್ದಕ್ಕೂ, ನಿಲ್ಲುತ್ತೋ ಇಲ್ಲವೋ ಎಂದು ಶಕುನ ನೋಡುತ್ತಿದ್ದರು. ಹೊಳೆಹೊನ್ನೂರಿನ ಮನೆಗಳು ಕಾಣಿಸುವ ಹೊತ್ತಿಗೆ ಲಾರಿ ಕೆಮ್ಮಿತು, ಜಗ್ಗಿತು, ನಿಂತಿತು.

ಇಳಿದೆ. ಅಭ್ಯಾಸಬಲದಿಂದ ಸ್ಕ್ಯಾನರ್ ಚೀಲಕ್ಕೆ ಕೈ ಹಾಕಿದವನು ಅದನ್ನು ಬಿಟ್ಟು ಟ್ಯಾಂಕಿನ ಹತ್ತಿರ ಹೋದೆ. ಟ್ಯಾಂಕಿನ ಮಗ್ಗುಲು ಉಪವಾಸದವರ ಹೊಟ್ಟೆಯಂತೆ ಒಳಕ್ಕೆ ಹೋಗಿತ್ತು. "ಸಾಹುಕಾರ್ರೆ, ಬೀಗದ ಕೈ ಕೊಡಿ" ಅಂದೆ. ಉಡಿದಾರದ ಗಂಟು ಬಿಚ್ಚಲಿಲ್ಲ. ಪಂಚೆ ಸಡಿಲಿಸಿಕೊಂಡು, ರಸ್ತೆಗೆ ಬೆನ್ನು ಹಾಕಿ ನಿಂತು ಎಳೆದಾಡಿದರು. ದಾರಿಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರಿನವರು ನಿಧಾನ ಮಾಡಿ ನೋಡಿಕೊಂಡು ಹೋದರು. ಕೊನೆಗೆ ಡ್ರೈವರ್ ಬ್ಲೇಡು ಕೊಟ್ಟ, ದಾರ ಕೊಯ್ದು ಕೀ ತೆಗೆದರು. ನಾನು ಬೀಗ ತಿರುಗಿಸಿ ಮುಚ್ಚಳ ಎತ್ತಿದೆ.

ಸುಯ್ಯೆಂದು ಗಾಳಿ ಒಳಗೆ ನುಗ್ಗಿತು. ಟ್ಯಾಂಕಿನ ಮಗ್ಗುಲು ಢಬ್ಬೆಂದು ಹೊರಕ್ಕೆ ಬಂತು. ಕೈಪಂಪು ಒತ್ತಿ ಪೈಪಿನೊಳಗಿನ ಗಾಳಿ ಹೊರಗೆ ಹಾಕಿ ಸ್ಟಾರ್ಟ್ ಮಾಡಿದರೆ ಇಂಜಿನ್ ಮೊದಲನೇ ಸಲಕ್ಕೇ ಹತ್ತಿತು.

ವಿಷಯ ಇಷ್ಟೇ. ಡೀಸೆಲ್ ಖರ್ಚಾದಷ್ಟು ಗಾಳಿ ಟ್ಯಾಂಕಿನೊಳಗೆ ಹೋಗಬೇಕು, ಅದಕ್ಕೇ ಹಳೆಯ ಮುಚ್ಚಳದಲ್ಲಿ ಆ ಸಣ್ಣ ತೂತು. ನಾನು ಮಾಡಿಸಿದ ಮುಚ್ಚಳದಲ್ಲಿ ಅದಿಲ್ಲ. ಟ್ಯಾಂಕು ಕುತ್ತಿಗೆ ತನಕ ತುಂಬಿದ್ದರೆ ಒಳಗೆ ಗಾಳಿ ಇರುವುದೇ ಒಂದಿಷ್ಟು. ಐದಾರು ಲೀಟರ್ ಖರ್ಚಾಗುವಷ್ಟರಲ್ಲಿ, ಎಂದರೆ ಸರಿಯಾಗಿ ಹೊಳೆಹೊನ್ನೂರಿನ ಹೊತ್ತಿಗೆ, ಪಂಪು ಎಷ್ಟು ಎಳೆದರೂ ಡೀಸೆಲ್ ಮೇಲೆ ಬರುವುದಿಲ್ಲ. ಅರ್ಧ ಗಂಟೆ ನಿಂತರೆ ಬೀಗದ ಸಂದಿನಿಂದ ಚೂರುಚೂರೇ ಗಾಳಿ ಸೇರಿ ಮತ್ತೆ ಓಡುತ್ತದೆ. ಆಮೇಲೆ ಒಳಗೆ ಗಾಳಿ ಜಾಸ್ತಿ, ಸಂದಿನಿಂದಲೂ ಬರುತ್ತಲೇ ಇರುತ್ತದೆ, ಹಾಗಾಗಿ ಮತ್ತೆ ನಿಲ್ಲುವುದಿಲ್ಲ. ರೆಗ್ಯುಲೇಟರ್ ಪಾಪ ಏನೂ ಅರಿಯದ್ದು. ನೀರೇ ಬಾರದ ನಾಲೆಯಲ್ಲಿ ನೀರುಗಂಟಿಯನ್ನು ಬದಲಾಯಿಸಿ ಏನು ಪ್ರಯೋಜನ?

ಮರುಳಪ್ಪನವರು ಪಂಚೆ ಕಟ್ಟಿಕೊಂಡು ಬಂದು ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದನ್ನ ಮಾಡ್ಸಿದ್ದು ಯಾರು?"

"ನಾನೇ."

"ಮಾಡ್ಸು ಅಂದಿದ್ದು?"

"ನೀವು."

ಡ್ರೈವರ್ ನಗು ತಡೆಯಲಾಗದೆ ಲಾರಿಯ ಆ ಕಡೆಗೆ ಹೋದ. ಮರುಳಪ್ಪನವರು ಅಲ್ಲಿಂದಲೇ ಹನುಮಂತಣ್ಣನಿಗೆ ಫೋನ್ ಮಾಡಿ, "ನಾಳೆಯಿಂದ ಕೆಲ್ಸಕ್ಕೆ ಬಾರಯ್ಯ" ಅಂದರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಅವರು ಅದಕ್ಕಿಂತ ಬಗ್ಗುವವರಲ್ಲ. ಹನುಮಂತಣ್ಣ ಬರಲೂ ಇಲ್ಲ.

ಎರಡು ದಿನ ನೋಡಿ ನಾನೇ ಹೊರಟೆ. ಆಗ ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಕೆಲಸ ನಡೆಯುತ್ತಿತ್ತು. ಅಲ್ಲಿಗೆ ಹೋಗುವ ಮಣ್ಣು ರಸ್ತೆಗೆ ನೀರು ಹೊಡೆಯುವ ಟ್ಯಾಂಕರ್ ಓಡಿಸುತ್ತಿದ್ದ ಹನುಮಂತಣ್ಣ. ನನ್ನನ್ನು ಕಂಡವನೇ ಪೈಪು ಸುತ್ತಲು ಶುರು ಮಾಡಿದ. ನಾನು ನಡೆದಿದ್ದನ್ನೆಲ್ಲ ಹೇಳಿದೆ. ಮುಚ್ಚಳದ ವಿಷಯ, ತೂತಿನ ವಿಷಯ, ಕ್ಯಾನಿನ ವಿಷಯ. ಅವನು ಪೈಪು ಸುತ್ತುತ್ತಲೇ ಇದ್ದ.

"ತಪ್ಪು ನಂದು ಹನುಮಂತಣ್ಣ. ಸಾಹುಕಾರ್ರು ಕೇಳಿದ್ರು ನಿಜ, ಆದ್ರೆ ಮಾತು ಆಡಿದ್ದು ನಾನು."

"ಕೆಲ್ಸ ಇಲ್ಲೂ ಸಿಕ್ತು ಮೇಸ್ತ್ರಿ. ಅದಲ್ಲ ವಿಷ್ಯ" ಅಂದ. ಆಮೇಲೆ ಟ್ಯಾಂಕರಿನ ಮೆಟ್ಟಿಲ ಮೇಲೆ ಕೂತು ವಿಷಯ ಏನೆಂದು ಹೇಳಿದ. ಮಗಳು ರೇಣುಕಾಗೆ ಏಳು ತಿಂಗಳು. ಚೊಚ್ಚಲ ಬಾಣಂತನ ತವರಿನದ್ದು, ಅಪ್ಪ ಹೋಗಿ ಕರೆದುಕೊಂಡು ಬರಬೇಕು. ಆದರೆ ಲಾರಿ ನಿಲ್ಲಿಸಿ ಮಗಳ ಊರಿನಲ್ಲಿ ಡೀಸೆಲ್ ಮಾರಿಕೊಂಡು ಸಿಕ್ಕಿಬಿದ್ದ ಎಂಬ ಮಾತು ಹೊಳೆಹೊನ್ನೂರಿನ ಸಂತೆಯ ತನಕ ಹೋಗಿತ್ತು. "ಯಾವ ಮುಖ ಇಟ್ಕೊಂಡು ಬೀಗರ ಹೊಸ್ತಿಲು ತುಳೀಲಿ? ಹೆಂಡ್ತಿ ದಿನಾ ಕೇಳ್ತಾಳೆ, ಯಾವಾಗ ಹೋಗ್ತೀಯ ಅಂತ. ಭಾನುವಾರ ಅಂತೀನಿ. ಎಷ್ಟು ಭಾನುವಾರ ಆಯ್ತು ಲೆಕ್ಕ ಇಲ್ಲ."

ನಾನು ಕೇಳಿದೆ, "ಈ ಭಾನುವಾರ ನಾನೂ ಬರ್ಲಾ?"

ಅವನು ಸುತ್ತಿದ ಪೈಪನ್ನು ಕೆಳಗಿಟ್ಟು, "ನೀವು ಮೊದ್ಲು ಒಳಗೆ ಹೋಗ್ಬೇಕು" ಅಂದ.

ಮುಂದೆ ಅವನು ಮರುಳಪ್ಪನವರ ಲಾರಿಗೇ ಮರಳಿದ, ಬೀಗದ ಕೈ ತನ್ನ ಹತ್ತಿರವೇ ಇರಬೇಕು ಎಂಬ ಕರಾರಿನ ಮೇಲೆ. ಅದು ಆಮೇಲಿನ ಮಾತು. ಆ ಭಾನುವಾರ ನನ್ನ ಸ್ಕೂಟರಿನಲ್ಲಿ ಇಬ್ಬರೂ ಹೊಳೆಹೊನ್ನೂರಿಗೆ ಹೋದೆವು. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ, ಬಾಳೆಹಣ್ಣು ಹೂವಿನ ಚೀಲ ತೊಡೆಯ ಮೇಲಿಟ್ಟುಕೊಂಡು ಹನುಮಂತಣ್ಣ ಕೂತ. ನಾನೊಬ್ಬನೇ ಬೀಗರ ಮನೆಗೆ ನಡೆದೆ.

ಬೀಗರು ತಿಮ್ಮಪ್ಪನವರು ಭತ್ತ ಬೆಳೆಯುವವರು, ಗಟ್ಟಿ ಮನುಷ್ಯ. ಕಾಫಿ ಕೊಡಿಸಿ, ನಾನು ಬಂದ ಕಾರಣ ಕೇಳಿ, "ಬೀಗರ ಮೇಲೆ ನಮಗೇನು ದ್ವೇಷ ಇಲ್ಲ ಸ್ವಾಮಿ. ಆದ್ರೆ ಊರಲ್ಲಿ ನಾಲ್ಕು ಜನ ಆಡ್ಕೊಳ್ಳೋವಾಗ ನಾವು ಏನಂತ ಉತ್ತರ ಕೊಡೋದು?" ಅಂದರು. ಸೊಸೆ ಬಾಗಿಲ ಹಿಂದೆ ನಿಂತಿದ್ದಳು, ಸೆರಗು ಕಾಣುತ್ತಿತ್ತು.

ನಾನು ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ನೀರಿನ ಬಾಟ್ಲಿ ತೆಗೆದೆ. ಅದರ ಮುಚ್ಚಳಕ್ಕೆ ಒಂದು ಪೈಪು ಅಂಟಿಸಿಕೊಂಡು ಹೋಗಿದ್ದೆ. "ಇದು ಟ್ಯಾಂಕು, ನಾನು ಇಂಜಿನ್ನು" ಎಂದು ಪೈಪು ಕಚ್ಚಿ ನೀರು ಎಳೆದೆ. ಎರಡು ಗುಟುಕಿಗೆ ಬಾಟ್ಲಿ ಸುರುಟಿಕೊಂಡಿತು, ಮೂರನೆಯದು ಬರಲಿಲ್ಲ. ನನ್ನ ಕೆನ್ನೆಯೂ ಬಾಟ್ಲಿಯಂತೆ ಒಳಕ್ಕೆ ಹೋದದ್ದು ಕಂಡು ಬಾಗಿಲ ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಬಾಟ್ಲಿಯ ಭುಜಕ್ಕೆ ಒಂದು ಮೊಳೆ ಚುಚ್ಚಿ ತೆಗೆದು ಮತ್ತೆ ಎಳೆದೆ. ಸಲೀಸಾಗಿ ಬಂತು. ತಿಮ್ಮಪ್ಪನವರು ಬಾಟ್ಲಿ ಇಸಿದುಕೊಂಡು ತಾವೇ ಎಳೆದು ನೋಡಿದರು. ತೂತಿಗೆ ಬೆರಳಿಟ್ಟು ಒಮ್ಮೆ, ಬೆರಳು ತೆಗೆದು ಒಮ್ಮೆ. ಪಕ್ಕದ ಮನೆಯವರು ಬಂದರು, ಅವರೂ ಎಳೆದರು. ಇನ್ನೊಬ್ಬರು ತಮಗೂ ಕೊಡಿ ಅಂದರು. ಅಷ್ಟು ಗಮನವಿಟ್ಟು ಕೇಳುವ ಶಿಷ್ಯರು ಶೆಡ್ಡಿನಲ್ಲಿ ನನಗೆ ಯಾವತ್ತೂ ಸಿಕ್ಕಿರಲಿಲ್ಲ.

"ಹಂಗಾದ್ರೆ ತಪ್ಪು ಯಾರದು?" ಎಂದರು ತಿಮ್ಮಪ್ಪನವರು.

"ಮುಚ್ಚಳ ಮಾಡ್ಸಿದ್ದು ನಾನು. ಗಾಡಿ ಸರಿ ಇದೆ ಅಂದಿದ್ದೂ ನಾನು. ಹನ್ನೊಂದು ಸಲ ಗಾಡಿ ಇಲ್ಲೇ ನಿಂತಿತ್ತು. ಹನ್ನೊಂದು ಸಲವೂ ಹನುಮಂತಣ್ಣ ನಿಜ ಹೇಳಿದ. ನಾನು ನಂಬ್ಲಿಲ್ಲ."

ಹೀಗೆ ನಾಲ್ಕು ಜನರ ಮುಂದೆ ಹೇಳುವುದು ನಾನು ಅಂದುಕೊಂಡಷ್ಟು ಕಷ್ಟ ಆಗಲಿಲ್ಲ. ತಿಮ್ಮಪ್ಪನವರು ಬಾಟ್ಲಿಯನ್ನು ಪಕ್ಕಕ್ಕಿಟ್ಟು, "ಬೀಗರು ಎಲ್ಲವರೆ?" ಅಂದರು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎಂದೆ. ಯಾರನ್ನೂ ಕಳಿಸಲಿಲ್ಲ, ಟವೆಲು ಹೆಗಲಿಗೆ ಹಾಕಿಕೊಂಡು ತಾವೇ ಎದ್ದು ಹೋದರು. ಬರುವಾಗ ಹನುಮಂತಣ್ಣನ ಕೈಯ ಚೀಲ ಅವರ ಕೈಯಲ್ಲಿತ್ತು.

ಹನುಮಂತಣ್ಣ ಜಗಲಿಯ ಕೆಳಗೇ ನಿಂತ. ರೇಣುಕಾ ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡು ಹೊರಗೆ ಬಂದಳು. ಕಣ್ಣು ತುಂಬಿತ್ತು, ಆದರೆ ದನಿಯಲ್ಲಿ ಸಿಟ್ಟೇ ಇತ್ತು.

"ಹನ್ನೊಂದು ಸಲ ಇಲ್ಲೇ ನಿಂತಿದ್ಯಂತಲ್ಲಪ್ಪ. ಒಂದು ಸಲನಾದ್ರೂ ನನ್ನ ನೋಡಕ್ಕೆ ಬರ್ಬಾರದಿತ್ತಾ?"

ಹನುಮಂತಣ್ಣ ತಲೆ ತಗ್ಗಿಸಿದ.

"ಲೋಡ್ ಇರೋ ಗಾಡಿ ಬಿಟ್ಟು ಹೆಂಗ್ ಬರ್ಲಮ್ಮ" ಅಂದ.